ರದ್ದಾದ ಚೀಟಿಯ ಸದ್ದು



ಹೋದ ಈಸ್ಟರ್‌ಗೆ ಕಲಬುರಗಿಗೆ ಬಂದಿದ್ದೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಪಿಯುಸಿ ಓದುವ ಒಬ್ಬ ತಮ್ಮ ನನ್ನನ್ನು ಹಿಡಿದು ಕೇಳಿದ: “ಅಣ್ಣಾ, ನೀ ಕಂಪ್ಯೂಟರ್ ಓದೀದಿ. ಸೊಲ್ಲಾಪುರದಾಗ ಟವೆಲ್ ಫ್ಯಾಕ್ಟರಿಯೊಳಗ ನಿನಗೇನ್ ಕೆಲಸ?” ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕು, “ಸಾಫ್ಟ್‌ವೇರಿಗೆ ಕಿವಿ ಹಚ್ಚೂ ಕೆಲಸ” ಅಂತ ಏನೋ ಹೇಳಿ ಜಾರಿಕೊಂಡೆ. ಹುಡುಗ ಬಿಡಲಿಲ್ಲ, ಮೊನ್ನೆ ಮತ್ತೆ ಫೋನ್ ಮಾಡಿದ. ಬರೆದು ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಆದರೆ ಬರೆಯಲು ಕೂತಾಗ ತಿಳಿಯಿತು, ಈ ಕೆಲಸದ ಬಗ್ಗೆ ಹೇಳಬೇಕಾದರೆ ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ಮೊದಲು ಅಜ್ಜಿಯ ಭೋಂಗಾದಿಂದ ಶುರು ಮಾಡುತ್ತೇನೆ. ನನ್ನ ಅಜ್ಜಿ ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ. ಅವರ ಅಪ್ಪ ಅಲ್ಲಿನ ಜುನಿ ಗಿರಣಿಯಲ್ಲಿ ಕೆಲಸಕ್ಕಿದ್ದರು. 1877ರಲ್ಲಿ ಶುರುವಾಗಿ 1963ರಲ್ಲಿ ಮುಚ್ಚಿದ ಗಿರಣಿ ಅದು. ಪಾಳಿ ಬದಲಾಗುವಾಗ ಗಿರಣಿಯ ಭೋಂಗಾ ಕೂಗುತ್ತಿತ್ತು. ಅಜ್ಜಿ ಹೇಳುತ್ತಿದ್ದರು: ಭೋಂಗಾ ಕೂಗಿತು ಅಂದರೆ ಅಪ್ಪ ಡಬ್ಬಿ ಹಿಡಿದು ಹೊರಡುತ್ತಿದ್ದರು, ಪಕ್ಕದ ಮನೆಯವರು ಒಲೆ ಹಚ್ಚುತ್ತಿದ್ದರು, ಚಹಾದ ಅಂಗಡಿಯವನು ಗ್ಲಾಸು ಸಾಲಾಗಿ ಇಡುತ್ತಿದ್ದ, ಅಜ್ಜಿಯ ಅವ್ವ ಅಜ್ಜಿಯನ್ನು ಬಡಿದು ಎಬ್ಬಿಸುತ್ತಿದ್ದರು. ಭೋಂಗಾ ಕೂಗಿಸುವವನಿಗೆ ಇವರ ಯಾರ ಹೆಸರೂ ಗೊತ್ತಿಲ್ಲ. ನಾಳೆ ಓಣಿಯಲ್ಲಿ ಹೊಸ ಬಾಡಿಗೆಯವರು ಬಂದು ಭೋಂಗಾ ಕೇಳಿ ನೀರು ಹಿಡಿಯಲು ಶುರು ಮಾಡಿದರೆ, ಅದಕ್ಕೆ ಗಿರಣಿಯವರ ಅಪ್ಪಣೆ ಬೇಕಿಲ್ಲ, ಗಿರಣಿಯ ಒಳಗೆ ಒಂದು ಮೊಳೆಯನ್ನೂ ಬದಲಿಸಬೇಕಿಲ್ಲ.

ನಾನು ಮಾಡುವುದು ಇದೇ. ಒಂದು ದೊಡ್ಡ ವೆಬ್ ಅಪ್ಲಿಕೇಶನ್ ಇರುತ್ತದೆ. ಅದನ್ನು ಬೇರೆ ಯಾರೋ ಬರೆದಿದ್ದಾರೆ. ಅದರೊಳಗೆ ಏನಾದರೂ ನಡೆದಾಗ, ಉದಾಹರಣೆಗೆ ಒಂದು ಬಿಲ್ ಉಳಿಸಿದಾಗ, ಒಂದು ಆರ್ಡರ್ ಬಂದಾಗ, ಅದು ಒಂದು ಕೂಗು ಹಾಕುತ್ತದೆ. ಅದಕ್ಕೆ ಇವೆಂಟ್ ಎನ್ನುತ್ತಾರೆ. ಆ ಕೂಗು ಬಂದಾಗ ನನ್ನ ಈ ಸಣ್ಣ ಪ್ರೋಗ್ರಾಮನ್ನೂ ಓಡಿಸು ಎಂದು ನಾನು ಹೆಸರು ಬರೆಸಿಟ್ಟಿರುತ್ತೇನೆ. ಹಾಗೆ ಬರೆಸಿಡುವ ಜಾಗಕ್ಕೆ ಹುಕ್ ಎಂದು ಹೆಸರು, ಕೊಕ್ಕೆ ಇದ್ದ ಹಾಗೆ. ಹೀಗೆ ಕೊಕ್ಕೆಗೆ ನೇತುಹಾಕುವ ಸಣ್ಣ ಪ್ರೋಗ್ರಾಮುಗಳೇ ಪ್ಲಗಿನ್. ವರ್ಡ್‌ಪ್ರೆಸ್ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. 2004ರಲ್ಲಿ ಅದರ 1.2ನೇ ಆವೃತ್ತಿಯಲ್ಲಿ ಈ ಪ್ಲಗಿನ್ ವ್ಯವಸ್ಥೆ ಬಂತು. ಆಮೇಲೆ ಜಗತ್ತಿನ ಯಾವ ಮೂಲೆಯ ಹುಡುಗನಾದರೂ ಅದರ ಒಳಗಿನ ಕೋಡ್ ಮುಟ್ಟದೆ ಅದಕ್ಕೆ ಹೊಸ ಕೆಲಸ ಕಲಿಸಬಹುದಾಯಿತು. ಒಳಗಿನ ಕೋಡ್ ಮುಟ್ಟಬಾರದು ಎನ್ನುವುದಕ್ಕೆ ಸರಳ ಕಾರಣವಿದೆ: ಹೊಸ ಆವೃತ್ತಿ ಬಂದ ದಿನ ನೀವು ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಕೊಕ್ಕೆಗೆ ನೇತುಹಾಕಿದ್ದು ಉಳಿಯುತ್ತದೆ.

ನಮ್ಮ ಕಾರ್ಖಾನೆ ಇರುವುದು ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೋಗುವ ಗಾಡಿಗಳು ಹಗಲು ರಾತ್ರಿ ಓಡುವ ರಸ್ತೆ. ಅದರ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು. ಸೊಲ್ಲಾಪುರದ ಚಾದರಕ್ಕೂ ಟೆರಿ ಟವೆಲ್ಲಿಗೂ ಜಿಐ ಗುರುತು ಸಿಕ್ಕಿದೆ, ಅಂದರೆ ಆ ಹೆಸರಿನ ಮಾಲು ಅಲ್ಲಿಯದೇ ಆಗಿರಬೇಕು. ಶೆಡ್ಡಿನೊಳಗೆ ಹೋದರೆ ಮೂರು ಭಾಷೆ ಒಟ್ಟಿಗೆ ಕಿವಿಗೆ ಬೀಳುತ್ತವೆ. ನೇಕಾರರಲ್ಲಿ ಬಹಳ ಮಂದಿ ತೆಲುಗು ಮನೆಯವರು, ಆಫೀಸಿನಲ್ಲಿ ಮರಾಠಿ, ಅಕ್ಕಲಕೋಟ ಕಡೆಯ ಹಳ್ಳಿಗಳಿಂದ ಬರುವವರದು ನಮ್ಮ ಕನ್ನಡ. ನಾನು ಸೇರಿದ ಹೊಸತರಲ್ಲಿ ಮರಾಠಿ ಬಾರದೆ ಒದ್ದಾಡುತ್ತಿದ್ದಾಗ ಊಟದ ಹೊತ್ತಿಗೆ ತನ್ನ ಜೋಳದ ಭಕ್ಕರಿಯಲ್ಲಿ ಅರ್ಧ ಮುರಿದುಕೊಟ್ಟವರು ಒಬ್ಬ ಹಿರಿಯ ನೇಕಾರರು. ಎಲ್ಲರೂ ಅವರಿಗೆ ಮಾಮಾ ಎನ್ನುತ್ತಾರೆ. ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಮಾಮಾ ಎಂದೇ ಇರಲಿ.

ಮಗ್ಗದ ಮೇಲೆ ಟವೆಲ್ ಹೇಗಾಗುತ್ತದೆ ಎಂದು ನನಗೆ ತೋರಿಸಿದವರೂ ಅವರೇ. ಟೆರಿ ಮಗ್ಗಕ್ಕೆ ಹಾಸಿನ ಬೀಮು ಎರಡು. ಒಂದು ಬಿಗಿ, ಒಂದು ಸಡಿಲ. ಹೊಕ್ಕಿನ ಎಳೆ ಮೂರು ಸಲ ಹೋದ ಮೇಲೆ ಹಣಿಗೆ ಬಂದು ಮೂರನ್ನೂ ಒಟ್ಟಿಗೆ ಒತ್ತುತ್ತದೆ. ಆಗ ಸಡಿಲ ಬೀಮಿನ ಎಳೆ ಮೇಲೆದ್ದು ಕುಣಿಕೆಯಾಗುತ್ತದೆ. ನೀರು ಹೀರುವುದು ಆ ಕುಣಿಕೆಗಳೇ. ಇನ್ನೊಂದು ಸಂಗತಿ ತೋರಿಸಿದರು, ಅದು ನನಗೆ ಬಹಳ ಹಿಡಿಸಿತು. ಹಾಸಿನ ಒಂದೊಂದು ಎಳೆಯ ಮೇಲೂ ಒಂದು ತೆಳ್ಳನೆಯ ಲೋಹದ ಪಟ್ಟಿ ಕೂತಿರುತ್ತದೆ. ಎಳೆ ಬಿಗಿಯಾಗಿ ಇರುವವರೆಗೆ ಅದು ಮೇಲೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಕರೆಂಟಿನ ಸರ್ಕಿಟ್ ಕೂಡುತ್ತದೆ, ಮಗ್ಗ ನಿಲ್ಲುತ್ತದೆ. ಡ್ರಾಪ್ ಪಿನ್ ಎನ್ನುತ್ತಾರೆ. ಮಗ್ಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೋಗಿ ನೋಡುವುದಿಲ್ಲ, ಹರಿದ ಎಳೆಯೇ ಹೇಳುತ್ತದೆ. “ಇದು ನಮ್ಮದೇ ಇವೆಂಟ್ ಮಾಮಾ” ಎಂದೆ. ಅವರಿಗೆ ಅದು ತಿಳಿಯಲಿಲ್ಲ. ಮಗ್ಗದ ಸದ್ದಿನಲ್ಲಿ ಕೇಳಲೂ ಇಲ್ಲ ಅನ್ನಿ.

ಹೀಗೆ ನೋಡಿದರೆ ಇವೆಂಟುಗಳಲ್ಲಿ ಎರಡು ಜಾತಿ. ಭೋಂಗಾ ಬರೀ ಸುದ್ದಿ ಹೇಳುತ್ತದೆ, ಕೇಳಿದವರು ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ, ಗಿರಣಿ ನಡೆದೇ ಇರುತ್ತದೆ. ಡ್ರಾಪ್ ಪಿನ್ ಹಾಗಲ್ಲ, ಅದಕ್ಕೆ ಮಗ್ಗವನ್ನು ನಿಲ್ಲಿಸುವ ಹಕ್ಕಿದೆ. ಪ್ರೋಗ್ರಾಮಿನಲ್ಲೂ ಹೀಗೇ. ಉಳಿಸುವ ಮುಂಚೆ ಬರುವ ಕೂಗಿಗೆ ಕೊಕ್ಕೆ ಹಾಕಿದರೆ “ತಡಿ, ಇದರಲ್ಲಿ ತಪ್ಪಿದೆ” ಎಂದು ನಿಲ್ಲಿಸಬಹುದು. ಉಳಿಸಿದ ಮೇಲಿನ ಕೂಗಿಗೆ ಹಾಕಿದರೆ ಮುಂದಿನ ಕೆಲಸ ಮಾಡಬಹುದು. ಯಾವುದಕ್ಕೆ ಯಾವುದು ಎಂದು ತಿಳಿಯುವುದರಲ್ಲೇ ಈ ವಿದ್ಯೆಯ ಮುಕ್ಕಾಲು ಪಾಲು ಇದೆ. ನನಗೆ ಅದು ತಿಳಿದಿದೆ ಎಂದುಕೊಂಡಿದ್ದೆ.

ಕಾರ್ಖಾನೆಯವರು ಹಾಕಿಸಿದ್ದು ಇಆರ್‌ಪಿನೆಕ್ಸ್ಟ್. ಮುಂಬೈಯ ಫ್ರಾಪೆ ಸಂಸ್ಥೆಯವರು ಮಾಡಿದ ಮುಕ್ತ ತಂತ್ರಾಂಶ. ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಪೈಥಾನ್ ಬಂದರೆ ನಿಮಗೆ ಬೇಕಾದ್ದು ಸೇರಿಸಬಹುದು. (ಕಲಿಯಬೇಕೆನ್ನುವ ತಮ್ಮಂದಿರಿಗೆ, ತಂಗಿಯರಿಗೆ: ಇದು ಒಳ್ಳೆಯ ದಾರಿ. ದೊಡ್ಡ ಕೋರ್ಸಿಗೆ ದುಡ್ಡು ಸುರಿಯುವ ಮುಂಚೆ ಇದನ್ನು ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲೇ ಹಾಕಿ ನೋಡಿ.) ಇದರಲ್ಲಿ ಪ್ಲಗಿನ್ನಿಗೆ ಆ್ಯಪ್ ಎನ್ನುತ್ತಾರೆ. ಆ್ಯಪಿನೊಳಗೆ ಹುಕ್ಸ್ ಎಂಬ ಒಂದು ಫೈಲ್. ಯಾವ ಕಾಗದಕ್ಕೆ, ಯಾವ ಕೂಗಿಗೆ, ಯಾವ ಪ್ರೋಗ್ರಾಮು ಓಡಬೇಕು ಎಂದು ಅದರಲ್ಲಿ ಬರೆದರೆ ಮುಗಿಯಿತು.

ಇಲ್ಲಿ ಕಾಗದಗಳ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ತಂತ್ರಾಂಶದಲ್ಲಿ ಲೆಕ್ಕಕ್ಕೆ ಸಂಬಂಧಪಟ್ಟ ಕಾಗದವನ್ನು ಮೊದಲು ಉಳಿಸುತ್ತೀರಿ. ಆಗ ಅದು ಕರಡು, ಎಷ್ಟು ಸಲ ಬೇಕಾದರೂ ತಿದ್ದಬಹುದು. ಆಮೇಲೆ ಸಬ್ಮಿಟ್ ಮಾಡುತ್ತೀರಿ. ಸಬ್ಮಿಟ್ ಆದ ಕಾಗದವನ್ನು ಸುಮ್ಮನೆ ತಿದ್ದಲು ಬಿಡುವುದಿಲ್ಲ. ತಪ್ಪಿದ್ದರೆ ಅದನ್ನು ರದ್ದು ಮಾಡಬೇಕು, ಅದರ ತಿದ್ದಿದ ಪ್ರತಿಯನ್ನು ಹೊಸದಾಗಿ ತೆಗೆಯಬೇಕು. ಹಳೆಯ ನಂಬರಿನ ಮುಂದೆ ಒಂದು ಗೆರೆ, ಒಂದು ಎಂದು ಸೇರಿಸಿಕೊಂಡು ಹೊಸ ಪ್ರತಿ ಬರುತ್ತದೆ. ಉಳಿಸಿದಾಗ ಒಂದು ಕೂಗು, ಸಬ್ಮಿಟ್ ಆದಾಗ ಒಂದು ಕೂಗು, ರದ್ದಾದಾಗ ಒಂದು ಕೂಗು.

ನನಗೆ ಕೊಟ್ಟ ಕೆಲಸ ಸಣ್ಣದು. ಟವೆಲ್ ಮಗ್ಗದಿಂದ ಇಳಿದ ಮೇಲೆ ಚೆಕ್ಕಿಂಗ್ ಮೇಜಿಗೆ ಹೋಗುತ್ತದೆ. ಎಳೆ ತಪ್ಪಿದ್ದು, ಎಣ್ಣೆ ಕಲೆಯಾದದ್ದು ಸೆಕೆಂಡ್ಸ್ ಎಂದು ಬೇರೆ ಹೋಗುತ್ತವೆ. ಸೆಕೆಂಡ್ಸಿಗೆ ನೇಕಾರನ ಕೂಲಿಯಲ್ಲಿ ಒಂದಕ್ಕೆ ಮೂರು ರೂಪಾಯಿ ಕಡಿತ. ಮುಂಚೆ ಇದನ್ನು ದಿವಾಣಜಿ ಕೈಯಲ್ಲಿ ಬರೆಯುತ್ತಿದ್ದರು. ಈಗ ಚೆಕ್ಕಿಂಗಿನವರು ಕಂಪ್ಯೂಟರಿನಲ್ಲಿ ತಪಾಸಣೆ ಚೀಟಿ ಹಾಕಿದ ಕೂಡಲೇ ಕಡಿತ ತಾನಾಗಿ ನೇಕಾರನ ತಿಂಗಳ ಲೆಕ್ಕಕ್ಕೆ ಹೋಗಬೇಕು.

ಮೊದಲು ಉಳಿಸುವ ಕೂಗಿಗೆ ಕೊಕ್ಕೆ ಹಾಕಿದೆ. ಪರೀಕ್ಷೆ ಮಾಡಿದರೆ ಕಡಿತ ಎರಡೆರಡು ಸಲ ಬೀಳುತ್ತಿತ್ತು. ಏಕೆಂದರೆ ಸಬ್ಮಿಟ್ ಮಾಡುವಾಗಲೂ ಒಳಗೆ ಒಮ್ಮೆ ಉಳಿಸುವ ಕೂಗು ಬರುತ್ತದೆ. ಅರ್ಧ ಗಂಟೆಯಲ್ಲಿ ಹಿಡಿದು, ಕೊಕ್ಕೆಯನ್ನು ಸಬ್ಮಿಟ್ ಕೂಗಿಗೆ ಬದಲಿಸಿದೆ. ಹತ್ತು ಚೀಟಿ ಹಾಕಿ ನೋಡಿದೆ, ಹತ್ತೂ ಸರಿ. ಹಿಗ್ಗಿನಿಂದ ಮನೆಗೆ ಹೋದೆ. ಆ ತಿಂಗಳು ದಿವಾಣಜಿಯವರ ಎರಡು ದಿನದ ಕೆಲಸ ಉಳಿಯಿತು. ಮಾಲಕರು ಬೆನ್ನು ತಟ್ಟಿದರು.

ನಾಲ್ಕು ತಿಂಗಳಾದ ಮೇಲೆ ಒಂದು ಪಗಾರದ ದಿನ ಮಾಮಾ ಆಫೀಸಿನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಶಾಲೆಯ ಹುಡುಗರ ಇನ್ನೂರು ಪುಟದ ವಹಿ.

“ತಮ್ಮಾ, ಈ ಸರ್ತಿನೂ ಪಗಾರ ಕಮ್ಮಿ ಬಂದದ. ನಿನ್ನ ಮಶೀನಿಗಿ ಒಂದೀಟ ಕೇಳಿ ನೋಡು.”

ಸೂಪರ್‌ವೈಜರ್ ಅಲ್ಲೇ ಕೂತಿದ್ದರು. “ಈತಂದು ಬರೇ ತಕರಾರು. ಚೆಕ್ಕಿಂಗ್ ಮಾಡಿದ್ದಕ್ಕೂ ತಕರಾರು, ಪಗಾರಕ್ಕೂ ತಕರಾರು” ಎಂದರು. ನಾನು ಪರದೆಯಲ್ಲಿ ಅವರ ಲೆಕ್ಕ ತೆಗೆದೆ. ಕಡಿತದ ಜಾಗದಲ್ಲಿ ಒಂದು ಅಂಕಿ ಇತ್ತು. ಅದೇ ಅಂಕಿ ಪಗಾರ ಚೀಟಿಯಲ್ಲೂ ಇತ್ತು. ಎರಡೂ ತಾಳೆಯಾಯಿತು. ನಾನು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: “ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಮಾಮಾ.”

ಮಾಮಾ ಏನೂ ಅನ್ನಲಿಲ್ಲ. ವಹಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮರುದಿನ ಊಟಕ್ಕೆ ಬೇರೆ ಕಡೆ ಕೂತರು. ಭಕ್ಕರಿ ಮುರಿದು ಕೊಡುವವರಿಲ್ಲದೆ ನಾನು ಕ್ಯಾಂಟೀನಿನ ವಡಾಪಾವ್ ತಿಂದೆ. ನಿಜ ಹೇಳಬೇಕೆಂದರೆ ಮೊದಲು ನನಗೆ ಸಿಟ್ಟೇ ಬಂದಿತ್ತು. ಇಷ್ಟು ದಿನ ಮಗನ ಹಾಗೆ ನೋಡಿಕೊಂಡವರು ನನ್ನ ಕೆಲಸವನ್ನು ನಂಬುವುದಿಲ್ಲವಲ್ಲ ಎಂದು.

ಆ ಭಾನುವಾರ ಪೂಜೆಗೆ ಹೋಗಿದ್ದೆ. ಸೊಲ್ಲಾಪುರದಲ್ಲಿ ಪೂಜೆ ಮರಾಠಿಯಲ್ಲಿ, ಪ್ರಬೋಧನೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿಯದ ಅರ್ಧದಲ್ಲಿ ಮನಸ್ಸು ತನ್ನ ದಾರಿ ಹಿಡಿಯುತ್ತದೆ. ನನ್ನದು ಸೂಪರ್‌ವೈಜರ್ ಹೇಳಿದ ಮಾತಿನ ಮೇಲೆ ಹೋಗಿ ನಿಂತಿತು. ಚೆಕ್ಕಿಂಗ್ ಮಾಡಿದ್ದಕ್ಕೂ ತಕರಾರು. ಅಂದರೆ ಮಾಮಾ ಪ್ರತಿ ಸಲ ಚೆಕ್ಕಿಂಗ್ ಮೇಜಿಗೆ ಹೋಗಿ, ಇದು ಸೆಕೆಂಡ್ಸ್ ಅಲ್ಲ, ಮತ್ತೊಮ್ಮೆ ನೋಡ್ರಿ ಎಂದು ಕೇಳುತ್ತಿದ್ದರು. ಮತ್ತೊಮ್ಮೆ ನೋಡಿದರೆ ಏನಾಗುತ್ತದೆ? ಚೀಟಿ ತಿದ್ದುತ್ತಾರೆ. ಚೀಟಿ ತಿದ್ದಬೇಕಾದರೆ ಏನು ಮಾಡಬೇಕು?

ಕಡೆಯ ಹಾಡು ಮುಗಿಯುವ ಮುಂಚೆ ಹೊರಗೆ ಬಂದೆ. ದೇವರು ಕ್ಷಮಿಸಲಿ.

ಕೋಣೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಮಾಮಾನ ಒಂದು ಚೀಟಿ ಹುಡುಕಿದೆ. ಬೆಳಿಗ್ಗೆ ಚೆಕ್ಕಿಂಗಿನವರು ನಲವತ್ತು ಸೆಕೆಂಡ್ಸ್ ಎಂದು ಬರೆದು ಸಬ್ಮಿಟ್ ಮಾಡಿದ್ದಾರೆ. ನನ್ನ ಪ್ರೋಗ್ರಾಮು ಓಡಿ 120 ರೂಪಾಯಿ ಕಡಿದಿದೆ. ಮಧ್ಯಾಹ್ನ ಮಾಮಾ ಹೋಗಿ ಕೇಳಿದ್ದಾರೆ. ಮತ್ತೆ ನೋಡಿದರೆ ಇಪ್ಪತ್ತಾರು ಟವೆಲ್ ಸರಿ ಇವೆ, ನಿಜವಾದ ಸೆಕೆಂಡ್ಸ್ ಹದಿನಾಲ್ಕು. ಹಳೆಯ ಚೀಟಿ ರದ್ದು ಮಾಡಿದ್ದಾರೆ. ಆಗ ರದ್ದಾಯಿತು ಎಂಬ ಕೂಗು ಬಂದಿದೆ. ಅದನ್ನು ಕೇಳಲು ನಾನು ಯಾರನ್ನೂ ಕೂಡಿಸಿರಲಿಲ್ಲ. 120 ರೂಪಾಯಿ ವಾಪಸ್ಸಾಗಲಿಲ್ಲ. ಆಮೇಲೆ ಹದಿನಾಲ್ಕರ ಹೊಸ ಚೀಟಿ ಸಬ್ಮಿಟ್ ಆಗಿದೆ, ನನ್ನ ಪ್ರೋಗ್ರಾಮು ಮತ್ತೆ ಓಡಿ 42 ರೂಪಾಯಿ ಕಡಿದಿದೆ. ಹೋಗಬೇಕಾದದ್ದು 42. ಹೋದದ್ದು 162.

ಸ್ವಲ್ಪ ಹೊತ್ತು ನಾನು ಸುಮ್ಮನೆ ಕೂತಿದ್ದೆ. ನ್ಯಾಯ ಕೇಳದೆ ಸುಮ್ಮನಿದ್ದಿದ್ದರೆ ಮಾಮಾನಿಗೆ 120 ಹೋಗುತ್ತಿತ್ತು. ಕೇಳಿದ್ದರಿಂದ, ಅವರ ಮಾತು ಸರಿ ಎಂದು ಚೆಕ್ಕಿಂಗಿನವರು ಒಪ್ಪಿದ್ದರಿಂದ, 162 ಹೋಯಿತು. ಅವರು ಗೆದ್ದ ಪ್ರತಿ ಸಲ ಸೋತಿದ್ದರು. ಮತ್ತು ತಿಂಗಳ ಕೊನೆಗೆ ಬರುತ್ತಿದ್ದದ್ದು ಬರೀ ಒಂದು ಮೊತ್ತ. ನಾನು ಕಡಿತವನ್ನು ಒಂದೇ ಅಂಕಿಯಾಗಿ ಕೂಡಿಸುತ್ತ ಹೋಗಿದ್ದೆ. ಯಾವ ಚೀಟಿಯಿಂದ ಎಷ್ಟು ಬಂತು ಎಂಬುದು ಅದರಲ್ಲಿ ಇರಲೇ ಇಲ್ಲ. ಮಾಮಾ ಆಫೀಸಿಗೆ ಬಂದ ದಿನ ನಾನು ತಾಳೆ ಹಾಕಿದ್ದು ನನ್ನ ತಪ್ಪನ್ನು ನನ್ನ ತಪ್ಪಿನ ನಕಲಿನ ಜೊತೆ.

ಮಾಮಾನ ಕೈಯಲ್ಲಿದ್ದ ವಹಿಯನ್ನು ನಾನು ತೆರೆದು ಸಹ ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ದಿವಾಣಜಿ ಹತ್ತಿರ ಹೋದೆ, ಮಾಲಕರ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ಕನ್ನಡ ಮರಾಠಿ ಎರಡೂ ಸರಾಗ. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ಲೋ, ಲೆಕ್ಕದ ವಹಿಯೊಳಗ ನಾವ್ ಎಂದಾದ್ರೂ ಬರೆದದ್ದು ಅಳಿಸ್ತೀವೇನು? ತಪ್ಪ ಬಿದ್ರ ಕೆಳಗ ಉಲ್ಟಾ ನೋಂದ ಹಾಕ್ತೀವಿ. ಇದೂ ಅದ, ಅದೂ ಅದ, ಎಲ್ಲಾರಿಗೂ ಕಾಣಿಸ್ತದ. ನೀ ಉಲ್ಟಾ ನೋಂದನ ಹಾಕಿಲ್ಲ.” ನಾನು ಬಿಸಿಎಯಲ್ಲಿ ಮೂರು ವರ್ಷ ಓದಿ ಕಲಿಯದ್ದು ಇಷ್ಟೇ. ತಮಾಷೆ ಏನೆಂದರೆ, ಇಆರ್‌ಪಿನೆಕ್ಸ್ಟ್ ತನ್ನ ಸ್ವಂತ ಲೆಕ್ಕದಲ್ಲಿ ಮಾಡುವುದೂ ಇದನ್ನೇ. ಬಿಲ್ ರದ್ದಾದರೆ ಖಾತೆಯಲ್ಲಿ ಹಳೆಯ ಸಾಲು ಉಳಿಯುತ್ತದೆ, ಅದರ ವಿರುದ್ಧದ ಸಾಲು ಬರುತ್ತದೆ. ನನ್ನ ಕಣ್ಣ ಮುಂದೆಯೇ ಇತ್ತು. ಆ ಕೋಡನ್ನು ನಾನು ಓದಿರಲಿಲ್ಲ.

ಮಾಲಕರಿಗೆ ಹೇಳಿದೆ. ಅವರು ಕೂಗಾಡಲಿಲ್ಲ, ಅದೇ ಹೆಚ್ಚು ಭಯವಾಯಿತು. “ಎಷ್ಟು ಮಂದಿ, ಎಷ್ಟು ದುಡ್ಡು, ಪಟ್ಟಿ ಮಾಡ್ಕೊಂಡು ಬಾ” ಎಂದರು. ನಾಲ್ಕು ತಿಂಗಳ ರದ್ದಾದ ಚೀಟಿಗಳನ್ನೆಲ್ಲ ತೆಗೆದೆ. ಹನ್ನೊಂದು ಮಂದಿ, ಒಟ್ಟು 9,873 ರೂಪಾಯಿ. ಮಾಮಾನೊಬ್ಬರದೇ 2,346. ಈಗ ಹಳೆಯ ವಹಿ ಬೇಕಾಯಿತು. ಅವರ ಹತ್ತಿರ ಬೇಡಿ ತಂದೆ. ದಿನಕ್ಕೊಂದು ಸಾಲು, ಕನ್ನಡ ಅಂಕಿಯಲ್ಲಿ: ಎಷ್ಟು ನೇಯ್ದದ್ದು, ಎಷ್ಟು ಸೆಕೆಂಡ್ಸ್ ಎಂದರು, ಮತ್ತೆ ನೋಡಿದಾಗ ಎಷ್ಟು ಉಳಿಯಿತು. ನನ್ನ ಪಟ್ಟಿಗೂ ಅವರ ವಹಿಗೂ ನಾಲ್ಕು ತಿಂಗಳಲ್ಲಿ ಒಂದೇ ಒಂದು ದಿನದ ವ್ಯತ್ಯಾಸ. ಆ ಒಂದು ದಿನದಲ್ಲೂ ತಪ್ಪು ಅವರದೇ ಎಂದು ನನಗೆ ಖಾತ್ರಿಯಿಲ್ಲ.

ಮುಂದಿನ ಪಗಾರದಲ್ಲಿ ಸೇರಿಸಿ ಕೊಟ್ಟುಬಿಡೋಣ, ಹೇಳುವುದೇನೂ ಬೇಡ ಎಂದು ಒಬ್ಬರು ಸಲಹೆ ಕೊಟ್ಟರು. ದುಡ್ಡು ಸಿಕ್ಕರೆ ಸಾಕಲ್ಲ ಎಂದು. ನನಗೂ ಅದು ಒಂದು ಕ್ಷಣ ಹಿತವಾಗಿ ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಮಾಮಾನಿಗೆ ಹೋದದ್ದು ದುಡ್ಡು ಮಾತ್ರವೇ? ನಾಲ್ಕು ತಿಂಗಳು ಅವರು ತಕರಾರಿನ ಮನುಷ್ಯ ಎನಿಸಿಕೊಂಡಿದ್ದರು. 1936ರ ವೇತನ ಪಾವತಿ ಕಾಯ್ದೆಯಲ್ಲೇ ಒಂದು ಮಾತಿತ್ತು: ಮಾಲು ಹಾಳಾಯಿತೆಂದು ಕೂಲಿ ಕಡಿಯುವ ಮುಂಚೆ ಕೆಲಸಗಾರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು ಎಂದು. ಇದನ್ನು ಆಮೇಲೆ ದಿವಾಣಜಿ ಹೇಳಿದರು. ಕೈಬರಹದ ಕಾಲದಲ್ಲಿ ಅವರು ಪ್ರತಿಯೊಬ್ಬನನ್ನೂ ಕರೆದು ಕೇಳಿಯೇ ಕಡಿತ ಬರೆಯುತ್ತಿದ್ದರಂತೆ. ನಾನು ಉಳಿಸಿಕೊಟ್ಟೆ ಎಂದು ಹಿಗ್ಗಿದ ಆ ಎರಡು ದಿನ ಹೋಗುತ್ತಿದ್ದದ್ದು ಅದಕ್ಕೇ.

ಸಂಜೆ ಪಾಳಿ ಬಿಟ್ಟ ಮೇಲೆ ಮಾಮಾನ ಸೈಕಲ್ ಪಕ್ಕ ನಡೆದುಕೊಂಡು ಹೋದೆ. ಅವರ ಮನೆ ಕುಂಭಾರಿಯಲ್ಲಿ, ಬೀಡಿ ಕಟ್ಟುವವರಿಗಾಗಿ ಕಟ್ಟಿದ ಗೋದುತಾಯಿ ಪರುಳೇಕರ್ ವಸಾಹತಿನಲ್ಲಿ. ಒಂದೇ ತರದ ಸಣ್ಣ ಮನೆಗಳು ಕಣ್ಣು ಹರಿಯುವವರೆಗೆ. ದಾರಿಯಲ್ಲಿ ಹೇಳಲು ಆಗಲಿಲ್ಲ. ಮನೆಯಲ್ಲಿ ಅವರ ಮನೆಯವರು ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದರು. ಅಲ್ಲಿ ಹೇಳಿದೆ. ಕೋಡ್, ಇವೆಂಟ್ ಎಲ್ಲ ಬಿಟ್ಟು, ಚೀಟಿ ರದ್ದಾದದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ, ನೀವು ಹೇಳಿದ್ದನ್ನೂ ಕೇಳಲಿಲ್ಲ, ತಪ್ಪು ನಂದು ಎಂದೆ.

ಮಾಮಾ ಮೊದಲು ಮಾತಾಡಲಿಲ್ಲ. ಮಾತಾಡಿದ್ದು ಅತ್ತಿ. ಬೀಡಿಯ ಕೆಲಸದಲ್ಲೂ ಹೀಗೇ, ಕೊಟ್ಟಾಗ ಎಣಿಸುವವನು ಇದು ಸರಿಯಿಲ್ಲ ಅದು ಸರಿಯಿಲ್ಲ ಎಂದು ತೆಗೆದು ಬಿಸಾಕುತ್ತಾನೆ, ಎದುರು ಮಾತಾಡಿದರೆ ಇನ್ನೊಂದು ಹಿಡಿ ಹೆಚ್ಚು ತೆಗೆಯುತ್ತಾನೆ ಎಂದರು. “ಆದ್ರ ಅವ ಬೇಕಂತ ಮಾಡ್ತಾನ. ನಿನ್ನ ಮಶೀನು ಗೊತ್ತಿಲ್ದ ಮಾಡೇದ. ನಮಗೇನ್ ಫರಕ್ ಬಿತ್ತು ತಮ್ಮಾ?” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆಗ ಮಾಮಾ ಕೇಳಿದರು: “ಉಳಿದವ್ರಿಗಿ ಹೇಳಿದಿ?”

ಇಲ್ಲ ಎಂದೆ.

“ಹೇಳು. ನಂಗಷ್ಟ ಹೇಳಿದ್ರ ಆಗಂಗಿಲ್ಲ. ಅವ್ರೆಲ್ಲ ನನ್ನ ಮಾತ ಕೇಳಿ ಚೆಕ್ಕಿಂಗಿಗಿ ಹೋಗಿ ಕೇಳ್ಲಾಕ ಹತ್ತಿದ್ದು.”

ಬರುವಾಗ ಅತ್ತಿ ಭಕ್ಕರಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಕ್ಷಮಿಸಿದ್ದಾರೆ ಎಂದೇನೂ ನಾನು ಅಂದುಕೊಳ್ಳಲಿಲ್ಲ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಜನ ಅವರಲ್ಲ, ಅಷ್ಟೆ.

ಮುಂದಿನ ಎರಡು ದಿನ ಒಬ್ಬೊಬ್ಬರ ಮಗ್ಗದ ಹತ್ತಿರ ಹೋಗಿ ಹೇಳಿದೆ. ತೆಲುಗಿನವರಿಗೆ ಹೇಳುವಾಗ ಒಬ್ಬ ಜಾಬರ್ ಅಣ್ಣ ಜೊತೆಗೆ ಬಂದು ತಿಳಿಸಿ ಹೇಳಿದ. ಕೆಲವರು ಬೈದರು. ಒಬ್ಬರು ಲೆಕ್ಕವನ್ನು ಮೂರು ಸಲ ಹೇಳಿಸಿದರು. ಇಬ್ಬರಿಗೆ ತಮ್ಮ ಪಗಾರ ಕಮ್ಮಿ ಬಂದದ್ದೇ ಗೊತ್ತಿರಲಿಲ್ಲ. ಜಕ್ಕಾಯನ ಹಾಗೆ ನಾಲ್ಕು ಪಟ್ಟು ಕೊಡುವ ಶಕ್ತಿ ನನಗಿರಲಿಲ್ಲ, ನನ್ನ ಪಗಾರವೇ ಅಷ್ಟಿಲ್ಲ. ಕಾರ್ಖಾನೆಯವರು ಪೂರ್ತಿ ದುಡ್ಡು ಕೊಟ್ಟರು.

ಕೋಡ್ ಸರಿ ಮಾಡಿದ ಬಗ್ಗೆ, ಕಲಿಯುವವರಿಗೆ ಉಪಯೋಗವಾಗಬಹುದೆಂದು ಸ್ವಲ್ಪ ಹೇಳುತ್ತೇನೆ. ಈಗ ಕಡಿತ ಒಂದು ಅಂಕಿಯಲ್ಲ. ಒಂದೊಂದು ಚೀಟಿಗೆ ಒಂದೊಂದು ಸಾಲು, ಆ ಸಾಲಿನಲ್ಲಿ ಚೀಟಿಯ ನಂಬರು. ಸಬ್ಮಿಟ್ ಕೂಗು ಬಂದಾಗ ಆ ನಂಬರಿನ ಸಾಲು ಆಗಲೇ ಇದೆಯೇ ಎಂದು ಪ್ರೋಗ್ರಾಮು ಮೊದಲು ನೋಡುತ್ತದೆ. ಇದ್ದರೆ ಮತ್ತೊಂದು ಹಾಕುವುದಿಲ್ಲ. ನೆಟ್‌ವರ್ಕ್ ಕಡಿದು ಒಂದೇ ಕೂಗು ಎರಡು ಸಲ ಬಂದರೂ ಕಡಿತ ಒಂದೇ ಸಲ. ರದ್ದಿನ ಕೂಗಿಗೆ ಬೇರೆ ಕೊಕ್ಕೆ, ಅದು ದಿವಾಣಜಿ ಹೇಳಿದ ಉಲ್ಟಾ ನೋಂದ ಹಾಕುತ್ತದೆ. ಪಗಾರ ಚೀಟಿಯ ಹಿಂದೆ ಈ ಎಲ್ಲ ಸಾಲುಗಳು ಕನ್ನಡ, ಮರಾಠಿ, ತೆಲುಗಿನಲ್ಲಿ ಅಚ್ಚಾಗುತ್ತವೆ. ತೆಲುಗಿನ ಅಕ್ಷರ ಪ್ರಿಂಟರಿನಲ್ಲಿ ಸರಿ ಬರಲು ಒಂದು ವಾರ ತಿಂದಿತು, ಆ ಕಥೆ ಬೇಡ.

ಇನ್ನೊಂದು ಕೊಕ್ಕೆ ಹಾಕಿದೆ, ಅದನ್ನು ಯಾರೂ ಕೇಳಿರಲಿಲ್ಲ. ನೇಕಾರ ತನ್ನ ಕಡಿತಕ್ಕೆ ತಕರಾರು ಇದೆ ಎಂದರೆ ದಿವಾಣಜಿ ಒಂದು ಚೌಕಕ್ಕೆ ಗುರುತು ಹಾಕುತ್ತಾರೆ. ಆ ಗುರುತು ಇರುವವರೆಗೆ ಅವನ ಪಗಾರ ಲೆಕ್ಕ ಸಬ್ಮಿಟ್ ಆಗುವುದಿಲ್ಲ, ಮುಂಚಿನ ಕೂಗಿನಲ್ಲೇ ನಿಂತುಬಿಡುತ್ತದೆ. ಸೂಪರ್‌ವೈಜರಿಗೆ ಇದು ಸೇರಲಿಲ್ಲ, ಪಗಾರ ತಡವಾಗುತ್ತದೆ ಎಂದರು. ಒಂದು ತಿಂಗಳು ನಿಜವಾಗಿಯೂ ಒಂದು ದಿನ ತಡವಾಯಿತು. ಮಾಲಕರು ನನ್ನನ್ನು ಕರೆದು, ಇದು ಯಾಕೆ ಬೇಕು ಎಂದು ಕೇಳಿದರು. ನಾನು ಅವರನ್ನು ಮಗ್ಗದ ಹತ್ತಿರ ಕರೆದುಕೊಂಡು ಹೋಗಿ ಡ್ರಾಪ್ ಪಿನ್ ತೋರಿಸಿದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಸ್ತು. ನಕ್ಕರು. ತೆಗೆಸಲಿಲ್ಲ.

ಮಾಮಾ ಈಗ ಮತ್ತೆ ನನ್ನ ಹತ್ತಿರ ಊಟಕ್ಕೆ ಕೂರುತ್ತಾರೆ. ವಹಿ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ತಿಂಗಳ ಕೊನೆಗೆ ನಾವಿಬ್ಬರೂ ಕೂತು ಅವರ ವಹಿಗೂ ನನ್ನ ಪರದೆಗೂ ತಾಳೆ ಹಾಕುತ್ತೇವೆ.

ಹನ್ನೊಂದರಲ್ಲಿ ಹತ್ತು ಮಂದಿಗೆ ದುಡ್ಡು ಮುಟ್ಟಿದೆ. ಹನ್ನೊಂದನೆಯವನು ನನ್ನದೇ ವಯಸ್ಸಿನ ಹುಡುಗ. ಮೂರನೆಯ ತಿಂಗಳಲ್ಲೇ ಇಲ್ಲಿ ಪಗಾರ ಸಾಲುವುದಿಲ್ಲ ಎಂದು ಕೆಲಸ ಬಿಟ್ಟು ಭಿವಂಡಿಗೆ ಹೋದನಂತೆ. ಅವನದು 414 ರೂಪಾಯಿ. ಅಷ್ಟಕ್ಕೇ ಬಿಟ್ಟನೋ, ಬೇರೆ ಕಾರಣವಿತ್ತೋ ಯಾರಿಗೂ ಗೊತ್ತಿಲ್ಲ. ಕೊಟ್ಟ ಫೋನ್ ನಂಬರು ಹತ್ತುವುದಿಲ್ಲ. ಲಕೋಟೆ ದಿವಾಣಜಿಯವರ ಮೇಜಿನ ಡ್ರಾದಲ್ಲಿದೆ, ಮೇಲೆ ಅವನ ಹೆಸರು ಬರೆದಿದೆ. ಬರುವ ತಿಂಗಳು ಜಾಬರ್ ಅಣ್ಣನ ತಮ್ಮ ಭಿವಂಡಿಗೆ ಹೋಗುವವನಿದ್ದಾನೆ. ಅವನ ಕೈಯಲ್ಲಿ ಒಂದು ಚೀಟಿ ಬರೆದು ಕಳಿಸುತ್ತಿದ್ದೇನೆ.